ಎರಡನೇ ಆಲ್ಬಮ್‌ಗೆ ತೀರ್ಪು ಕೊಡುವ ಮೊದಲು

ಪಾಪ್ ರಾಕ್ ಬ್ಯಾಂಡಿನ ಎರಡನೇ ಆಲ್ಬಮ್ ಬಂದ ದಿನವೇ ಕೇಳಿಬರುವ ಮಾತು, 'ಮೊದಲಿನಷ್ಟು ಚೆನ್ನಾಗಿಲ್ಲ.' ಮೊದಲ ಆಲ್ಬಮಿನ ಹಾಡುಗಳು ಎಷ್ಟೋ ಸಲ ವರ್ಷಗಟ್ಟಲೆ ವೇದಿಕೆಯಲ್ಲಿ ಪಳಗಿರುತ್ತವೆ. ಜನ ಎಲ್ಲಿ ದನಿಗೂಡಿಸುತ್ತಾರೆ, ಎಲ್ಲಿ ಫೋನ್ ನೋಡುತ್ತಾರೆ ಅಂತ ಗಮನಿಸಿ ತಿದ್ದಿದವು ಅವು. ಎರಡನೆಯದಕ್ಕೆ ಊರೂರು ಕಾರ್ಯಕ್ರಮ ಕೊಡುವ ಪ್ರವಾಸದ ನಡುವಿನ ಬಿಡುವಷ್ಟೇ ಸಿಗುತ್ತದೆ. ಸಾಹಿತ್ಯದಲ್ಲಿ ಹೋಟೆಲು ಕೋಣೆ, ವಿಮಾನ, ಒಂಟಿತನ ಮತ್ತೆ ಮತ್ತೆ ಬರುವುದು ಅದಕ್ಕೇ.

'ಪಲ್ಲವಿ ಏಳೋದೇ ಇಲ್ಲ' ಅನ್ನುವ ದೂರನ್ನು ಮಾತ್ರ ಗಂಭೀರವಾಗಿ ತಗೊಳ್ಳಬೇಕು. ಮಾಸ್ಟರಿಂಗ್‌ನಲ್ಲಿ, ಅಂದರೆ ಬಿಡುಗಡೆಗೆ ಮುಂಚಿನ ಕೊನೆಯ ಧ್ವನಿ ಹೊಂದಾಣಿಕೆಯಲ್ಲಿ, ಲಿಮಿಟರ್ (ಜೋರಾದ ತುದಿಗಳನ್ನು ಅದುಮಿ ಒಟ್ಟು ಸದ್ದು ಏರಿಸುವ ಸಾಧನ) ಅತಿಯಾದರೆ ಚರಣವೂ ಪಲ್ಲವಿಯಷ್ಟೇ ಜೋರಾಗುತ್ತದೆ. ಆಮೇಲೆ ಏರುವುದಕ್ಕೆ ಜಾಗವೇ ಇರುವುದಿಲ್ಲ. ಸ್ನೇರ್ ಡ್ರಮ್ ಕೇಳಿ: 'ಟಪ್' ಅನ್ನುವ ಚೂಪು ಪೆಟ್ಟು ಸವೆದು ಮೊಂಡಾಗಿರುತ್ತದೆ. ಇಷ್ಟೆಲ್ಲ ಜೋರು ಮಾಡಿದರೂ ಲಾಭವಿಲ್ಲ. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗ್‌ನಲ್ಲಿ ಹಾಡನ್ನು ಸುಮಾರು -14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟಕ್ಕೆ ಇಳಿಸಿಬಿಡುತ್ತದೆ, ಪೆಟ್ಟು ಮಾತ್ರ ವಾಪಸ್ ಬರುವುದಿಲ್ಲ.

ಎರಡೂ ಆಲ್ಬಮ್ ಹೋಲಿಸುವಾಗ ವಾಲ್ಯೂಮ್ ನಾರ್ಮಲೈಸೇಶನ್ (ಹಾಡುಗಳ ಜೋರನ್ನು ಸಮ ಮಾಡುವ ಸೆಟ್ಟಿಂಗ್) ಆನ್ ಇರಲಿ, ಈಕ್ವಲೈಸರ್ (ಬಾಸ್, ಟ್ರೆಬಲ್ ಏರಿಳಿಸುವುದು) ಮತ್ತು ಶಫಲ್ (ಹಾಡುಗಳ ಕ್ರಮ ಕಲಸುವುದು) ಆಫ್. ಜೋರಾಗಿರುವುದೇ ಕಿವಿಗೆ ಚೆನ್ನಾಗಿ ಕೇಳುತ್ತದೆ, ಹಾಗಾಗಿ ಮಟ್ಟ ಸಮ ಮಾಡದ ಹೋಲಿಕೆಗೆ ಬೆಲೆಯಿಲ್ಲ. ಎರಡು ದಿನ ಬಿಟ್ಟು ಮತ್ತೆ ಮೊದಲಿಂದ ಕೊನೆವರೆಗೆ ಕೇಳಿ. ಸಿಂಗಲ್‌ಗಳು, ಅಂದರೆ ಪ್ರಚಾರಕ್ಕೆ ಬಿಡಿಯಾಗಿ ಬಿಟ್ಟ ಹಾಡುಗಳು, ಸಾಮಾನ್ಯವಾಗಿ ಆಲ್ಬಮಿನ ಮೊದಲ ಕೆಲವು ಹಾಡುಗಳಲ್ಲೇ ಮುಗಿದಿರುತ್ತವೆ. ಬ್ಯಾಂಡ್ ಧೈರ್ಯ ಮಾಡಿದ್ದರೆ ಅದು ಸಿಗುವುದು ಆರನೇ ಹಾಡಿನ ನಂತರ.