ಮಲಿ ಎಂದರೆ ಮಲ್ಲಿಗೆ

ಬೆಳಗಿನ ಜಾವ ನಾಲ್ಕೂವರೆಗೆ ಬ್ಯಾಂಕಾಕಿನ ಹೂವಿನ ಪೇಟೆಯನ್ನು ತಲುಪಿದಾಗ, ಆ ಹೊತ್ತಿಗೆ ಊರಿನ್ನೂ ಮಲಗಿರುತ್ತದೆ ಎಂದುಕೊಂಡಿದ್ದ ನನ್ನ ಎಣಿಕೆ ತಲೆಕೆಳಗಾಯಿತು. ಚಾವೊ ಫ್ರಯಾ ನದಿಯ ಪೂರ್ವ ದಂಡೆಯಲ್ಲಿರುವ ಪಾಕ್ ಖ್ಲೋಂಗ್ ತಲಾತ್, ಎಂದರೆ ಕಾಲುವೆಯ ಬಾಯಿಯಲ್ಲಿನ ಪೇಟೆ, ಹಗಲಿರುಳೂ ತೆರೆದಿರುತ್ತದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಚೆಂಡುಹೂವು ತುಂಬಿದ ಪ್ಲಾಸ್ಟಿಕ್ ಚೀಲಗಳು ಆಳೆತ್ತರಕ್ಕೆ ನಿಂತಿದ್ದವು. ತಳ್ಳುಗಾಡಿಯವರು ಕೂಗುತ್ತಾ ದಾರಿ ಮಾಡಿಕೊಳ್ಳುತ್ತಿದ್ದರು. ಕಾಲಡಿಯಲ್ಲಿ ಕರಗಿದ ಐಸಿನ ನೀರು ಹರಿಯುತ್ತಿತ್ತು. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಮೊಳ ಹೂವಿಗೆ ಚೌಕಾಸಿ ಮಾಡುತ್ತಾ ಬೆಳೆದ ನನಗೆ, ಪರದೇಶದ ದೊಡ್ಡ ನಗರವೊಂದನ್ನು ಹೂವಿನಿಂದಲೇ ನೋಡತೊಡಗಬೇಕೆನ್ನುವ ಆಸೆ ಮೊದಲಿನಿಂದಲೂ ಇತ್ತು.

ಹಾರ ಮಾಡುತ್ತಾ ಕುಳಿತಿದ್ದ ಐವತ್ತರ ಆಸುಪಾಸಿನ ಹೆಂಗಸೊಬ್ಬರ ಮುಂದೆ ನಿಂತೆ. ಐಸಿನ ಪುಡಿಯ ಮೇಲೆ ಹರಡಿದ್ದ ಮೊಗ್ಗುಗಳನ್ನು ತೋರಿಸಿ ಕೈಯಲ್ಲೇ ಹೆಸರು ಕೇಳಿದಾಗ ಅವರು ‘ಮಲಿ’ ಎಂದರು. ನಾನು ‘ಮಲ್ಲಿಗೆ’ ಎಂದೆ. ಆಮೇಲೆ ಸಿದ್ಧವಾಗಿದ್ದ ಹಾರವನ್ನು ಎತ್ತಿ ‘ಮಾಲೈ’ ಎಂದಾಗ ಅನುವಾದದ ಅಗತ್ಯವೇ ಬೀಳಲಿಲ್ಲ. ಎರಡು ದಿನಗಳ ಹಿಂದೆ ವಿಮಾನದಿಂದ ಇಳಿದಾಗ ಸುವರ್ಣಭೂಮಿ ಎಂದು ಬರೆದು ‘ಸುವನ್ನಪೂಮ್’ ಎಂದು ಕರೆಯುವ ನಿಲ್ದಾಣದ ಹೆಸರು ಇಷ್ಟು ಹತ್ತಿರವೆನಿಸಿರಲಿಲ್ಲ. ಅಲ್ಲಿ ಅದು ಫಲಕದ ಮೇಲಿನ ಪದವಾಗಿತ್ತು, ಇಲ್ಲಿ ಒದ್ದೆ ಕೈಯಲ್ಲಿ ಹಿಡಿದ ವಸ್ತುವಾಗಿತ್ತು.

ಆದರೆ ಪದ ಹತ್ತಿರವಾದರೂ ಕೆಲಸ ಬೇರೆ. ನನ್ನಮ್ಮ ಬಾಳೆನಾರನ್ನು ನೆನೆಸಿಟ್ಟುಕೊಂಡು, ಎರಡೆರಡು ಹೂಗಳನ್ನು ತೊಟ್ಟಿಗೆ ತೊಟ್ಟು ಸೇರಿಸಿ, ಬೆರಳುಗಳಲ್ಲೇ ಗಂಟು ಹಾಕುತ್ತಾ ಹೋಗುತ್ತಾಳೆ. ಈ ಹೆಂಗಸಿನ ಕೈಯಲ್ಲಿದ್ದದ್ದು ಮೊಳಕೈಯುದ್ದದ ಉಕ್ಕಿನ ಸೂಜಿ. ಅದಕ್ಕೆ ಒಂದಿಷ್ಟು ವ್ಯಾಸಲಿನ್ ಸವರಿ, ಅರಳದ ಮೊಗ್ಗುಗಳನ್ನು ಅಡ್ಡಡ್ಡಲಾಗಿ ಚುಚ್ಚುತ್ತಾ, ಒಂದು ಸುತ್ತು ಮುಗಿದ ಮೇಲೆ ಮುಂದಿನ ಸುತ್ತಿನ ಮೊಗ್ಗುಗಳನ್ನು ಕೆಳಗಿನವುಗಳ ನಡುವಿನ ಸಂದಿಗೆ ಸರಿಯಾಗಿ ಕೂರಿಸುತ್ತಿದ್ದರು. ಸೂಜಿ ತುಂಬಿದಾಗ ಹೂವಿನ ಬಿಳಿಯ ಕೊಳವೆಯನ್ನು ಮುರಿಯದಂತೆ ಮೆಲ್ಲಗೆ ದಾರಕ್ಕೆ ಜಾರಿಸಿದರು. ಇಷ್ಟಾಗುವವರೆಗೆ ಹಿಂದೆ ನಾಲ್ಕು ತಳ್ಳುಗಾಡಿಗಳು ಹಾರ್ನ್ ಹೊಡೆದು ಹೋದರೂ ಅವರು ತಲೆ ಎತ್ತಲಿಲ್ಲ.

ಹಾರದ ತುದಿಯ ಕುಚ್ಚಿಗೆ ಪೋಣಿಸುತ್ತಿದ್ದ ಹೂವನ್ನು ಕಂಡು ನನಗೆ ಆಶ್ಚರ್ಯವಾಯಿತು, ಏಕೆಂದರೆ ಅದು ನಮ್ಮ ಎಕ್ಕದ ಹೂವು. ಎಸಳುಗಳನ್ನು ಕಿತ್ತು ನಡುವಿನ ಕಿರೀಟದಂಥ ಭಾಗವನ್ನಷ್ಟೇ ಬಳಸುತ್ತಾರೆ. ನಮ್ಮಲ್ಲಿ ಆಂಜನೇಯನಿಗೆ ಹಾರವಾಗುವ ಈ ಹೂವು ಮದುವೆಯ ಹಾರಕ್ಕೆ ಸೇರುವುದಿಲ್ಲ. ಥಾಯ್ ಭಾಷೆಯಲ್ಲಿ ಅದರ ಹೆಸರು ‘ರಕ್’. ಆ ಪದಕ್ಕೆ ಪ್ರೀತಿ ಎಂಬ ಅರ್ಥವೂ ಇರುವುದರಿಂದ ಅದು ಮದುವೆಯ ಹೂವೇ ಆಗಿದೆ. ಮಲ್ಲಿಗೆಯನ್ನೂ ಅವರು ತಾಯಿಯ ಹೂವಾಗಿ ಮಾಡಿಕೊಂಡಿದ್ದಾರೆ: ಆಗಸ್ಟ್ 12ರ ತಾಯಂದಿರ ದಿನ ಮಕ್ಕಳು ಅಮ್ಮನಿಗೆ ಮಲ್ಲಿಗೆಯ ಹಾರ ಕೊಡುತ್ತಾರೆ. ಆದರೆ ದಿನವಿಡೀ ಹುಡುಕಿದರೂ ಹೂ ಮುಡಿದ ಒಂದು ಜಡೆಯೂ ನನ್ನ ಕಣ್ಣಿಗೆ ಬೀಳಲಿಲ್ಲ.

ಎರಡು ಮಾಲೆ ಕೊಂಡು ಥಾ ತಿಯನ್ ದೋಣಿಕಟ್ಟೆಗೆ ನಡೆದೆ. ಬೆನ್ನ ಹಿಂದಿನಿಂದ ಬಂದ ಮೊದಲ ಬಿಸಿಲು ಹೊಳೆಯಾಚೆಯ ವಾಟ್ ಅರುಣ್ ಗೋಪುರಕ್ಕೆ ಬಿದ್ದು, ಅದಕ್ಕೆ ಹೊದಿಸಿದ ಪಿಂಗಾಣಿ ಚೂರುಗಳು ಒಂದೊಂದಾಗಿ ಬೆಳಗತೊಡಗಿದವು. ಸೂರ್ಯನ ಸಾರಥಿಯ ಹೆಸರಿನ ಈ ದೇಗುಲಕ್ಕೆ ಅದಕ್ಕಿಂತ ತಕ್ಕ ಹೊತ್ತಿರಲಾರದು.

ಮಧ್ಯಾಹ್ನದ ಸೆಖೆಯಲ್ಲಿ ಫಾನ್ ಫಾ ಕಟ್ಟೆಯಿಂದ ಸ್ಯಾನ್ ಸ್ಯಾಪ್ ಕಾಲುವೆಯ ದೋಣಿ ಹತ್ತಿದೆ. ಮೂರನೆಯ ರಾಮ ದೊರೆಯ ಕಾಲದಲ್ಲಿ, 1837ರಿಂದ ಅಗೆಯಲಾದ ಈ ಕಾಲುವೆ ಇಂದು ಕಚೇರಿಗೆ ಹೋಗಿಬರುವವರ ಹೆದ್ದಾರಿ. ದೋಣಿ ಕಟ್ಟೆಗೆ ತಾಗಿ ನಿಲ್ಲುವುದು ಕೆಲವೇ ಕ್ಷಣ. ಅಷ್ಟರಲ್ಲೇ ಮುದುಕಿಯರೂ ಶಾಲೆಯ ಮಕ್ಕಳೂ ಹಗ್ಗ ಹಿಡಿದು ಒಳಗೆ ಕಾಲಿಡುತ್ತಾರೆ. ಹೆಲ್ಮೆಟ್ ತೊಟ್ಟ ಕಂಡಕ್ಟರು ದೋಣಿಯ ಹೊರ ಅಂಚಿನ ಮೇಲೆ ನಡೆಯುತ್ತಾ ಟಿಕೆಟ್ ಕೊಡುತ್ತಾರೆ. ಎದುರಿನಿಂದ ಇನ್ನೊಂದು ದೋಣಿ ಬಂದಾಗ, ಅಂಚಿನಲ್ಲಿ ಕೂತವರು ಹಗ್ಗವೆಳೆದು ತಾಡಪಾಲು ಏರಿಸಿ ಕಪ್ಪು ನೀರಿನಿಂದ ಎಲ್ಲರನ್ನೂ ಕಾಯಬೇಕು. ನನಗೆ ಇದು ತಿಳಿಯದೆ ಸುಮ್ಮನೆ ಕುಳಿತಿದ್ದಾಗ, ಹಿಂದಿನ ಸಾಲಿನ ಹುಡುಗಿಯೊಬ್ಬಳು ನನ್ನ ಭುಜದ ಮೇಲಿಂದ ಕೈ ಚಾಚಿ ಹಗ್ಗ ಎಳೆದಳು. ಹೂವಿನ ಪೊಟ್ಟಣವೂ ನೆನೆಯದೆ ಉಳಿಯಿತು.

ಪ್ರತುನಾಮಿನಲ್ಲಿ ಇಳಿದು ಎರವಾನ್ ಸನ್ನಿಧಿಗೆ ಬಂದೆ. ಹೋಟೆಲು ಕಟ್ಟುವಾಗ ಒಂದರ ಮೇಲೊಂದು ಅವಘಡಗಳಾದವೆಂದು 1956ರಲ್ಲಿ ಇಲ್ಲಿ ನಾಲ್ಕು ಮುಖದ ಬ್ರಹ್ಮನನ್ನು ಪ್ರತಿಷ್ಠಾಪಿಸಿದರು. ಬ್ರಹ್ಮನ ಗುಡಿಗಳೇ ಅಪರೂಪವಾದ ನಾಡಿನಿಂದ ಹೋದ ನಾನು, ಮೇಲೆ ರೈಲು, ಮೂರು ಕಡೆ ಮಾಲ್‌ಗಳು, ಸಿಗ್ನಲ್ಲಿಗೆ ನಿಂತ ನೂರಾರು ಬೈಕುಗಳ ನಡುವೆ ಆತನಿಗೆ ಸಾಲುಗಟ್ಟಿ ಕೈಮುಗಿಯುವ ಜನರನ್ನು ಬಹಳ ಹೊತ್ತು ನೋಡಿದೆ. ಹರಕೆ ಈಡೇರಿದವರು ಹಣ ಕೊಟ್ಟು ನರ್ತಕಿಯರಿಂದ ಸೇವೆ ಮಾಡಿಸುತ್ತಾರೆ. 2015ರ ಆಗಸ್ಟ್ 17ರ ಸಂಜೆ ಇದೇ ಜಾಗದಲ್ಲಿ ಬಾಂಬ್ ಸಿಡಿದು 20 ಜನ ಸತ್ತರು. ಎರಡೇ ದಿನಗಳಲ್ಲಿ ಸನ್ನಿಧಿ ಮತ್ತೆ ತೆರೆಯಿತು. ಅದು ಗೊತ್ತಿದ್ದವರಿಗೆ ಅಲ್ಲಿನ ನೂಕುನುಗ್ಗಲನ್ನು ಬರೀ ಗದ್ದಲವೆಂದು ಕರೆಯಲು ಬಾಯಿ ಬರುವುದಿಲ್ಲ. ಒಂದು ಮಾಲೆಯನ್ನು ಅಲ್ಲಿ ಏರಿಸಿದೆ.

ಸಂಜೆ ಆರಕ್ಕೆ ಚಿತ್ ಲೋಮ್ ನಿಲ್ದಾಣದ ಮೆಟ್ಟಿಲೇರುವಾಗ ರಾಷ್ಟ್ರಗೀತೆ ಮೊಳಗಿತು. ಓಡುತ್ತಿದ್ದವರೆಲ್ಲ ಇದ್ದಲ್ಲೇ ನಿಂತರು. ಹಾಡು ಮುಗಿಯುವವರೆಗೆ ನಾನೂ ಅವರೊಡನೆ ನಿಂತೆ.

ರಾತ್ರಿ ಕೋಣೆಗೆ ಬಂದು ಅಮ್ಮನಿಗೆ ವಿಡಿಯೊ ಕರೆ ಮಾಡಿದೆ. ಮೈಸೂರಿನಲ್ಲಿ ಆಗ ಏಳೂವರೆ. ಅವಳು ದೀಪ ಹಚ್ಚಿ ಬಂದು ಕುಳಿತಿದ್ದಳು. ಉಳಿದ ಮಾಲೆಯನ್ನು ಪರದೆಯ ಹತ್ತಿರ ಹಿಡಿದೆ. ಊಟವಾಯಿತೇ ಎಂದು ಕೇಳುವುದನ್ನೂ ಮರೆತು ಅವಳು ಕನ್ನಡಕ ಹಾಕಿಕೊಂಡು ನೋಡಿದಳು.

“ಎಲ್ಲೂ ಗಂಟೇ ಕಾಣ್ತಿಲ್ವಲ್ಲ ಮಗು, ಬಿಚ್ಚಿಕೊಳ್ಳೋದಿಲ್ವೆ? ತುದಿ ತೋರಿಸು ನೋಡೋಣ.”

ಕುಚ್ಚನ್ನು ಸರಿಸಿ, ದಾರದ ತುದಿಯನ್ನು ದೀಪದ ಬೆಳಕಿಗೆ ಹಿಡಿದೆ.