ಮೂರು ವಾರ

ಬೆಳಿಗ್ಗೆಯಿಂದ ಆ ನಾಲ್ಕು ಮಕ್ಕಳೇ ತಲೆಯಲ್ಲಿ ಕೂತಿದ್ದಾರೆ. ಜರ್ಮನಿಯ ಹೆಸ್ಸೆ ರಾಜ್ಯದವರು. ಮಕ್ಕಳನ್ನು ಶಾಲೆಗೆ ಕಳಿಸಲೇಬೇಕು ಅನ್ನೋದು ಅಲ್ಲಿನ ಕಾನೂನು. ಇವರಿಗೆ ಮನೆಯಲ್ಲೇ ಪಾಠ. 2013ರ ಆಗಸ್ಟ್‌ನಲ್ಲಿ ಅಧಿಕಾರಿಗಳು ಪೊಲೀಸರ ಜೊತೆ ಬಂದರು. ಮಕ್ಕಳು ಹೊರಡಲು ಒಪ್ಪಲಿಲ್ಲ. ಒಬ್ಬೊಬ್ಬರನ್ನೇ ಎತ್ತಿಕೊಂಡು ಹೋದರು.

ಆಮೇಲೆ ಪರೀಕ್ಷಿಸಿದರೆ, ಓದಿನಲ್ಲಿ ಗಾಬರಿಪಡುವಂಥದ್ದೇನೂ ಇರಲಿಲ್ಲ. ಅಪ್ಪ ಅಮ್ಮ ಮೊದಲು ಪರೀಕ್ಷೆಗೆ ಒಪ್ಪಿರಲಿಲ್ಲ, ಅದೂ ನಿಜ. ಮಕ್ಕಳು ಮನೆಗೆ ಬಂದಿದ್ದು ಮೂರು ವಾರದ ಮೇಲೆ. 2019ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಸರ್ಕಾರದ ಕಡೆಗೇ ತೀರ್ಪು ಕೊಟ್ಟಿತು.

ಮನೆಯೊಳಗೆ ಮಗು ನರಳುತ್ತಿದ್ದರೆ ಯಾರಾದರೂ ಬಾಗಿಲು ತಟ್ಟಲೇಬೇಕು. ಆದರೆ ಹೀಗೆ ಎತ್ತಿಕೊಂಡು ಹೋಗೋದು ಜಾಸ್ತಿಯಾಯಿತು ಅಲ್ವಾ?

ಅಡುಗೆಮನೆಯಲ್ಲಿ ಮಗಳು ಹುಣಸೆ ಬೀಜ ಸಾಲಾಗಿ ಇಟ್ಟು ಏಳರ ಮಗ್ಗಿ ಹೇಳುತ್ತಿದ್ದಾಳೆ. ಸುಮ್ನೆ ಪಕ್ಕದಲ್ಲಿ ಕೂತಿದ್ದೇನೆ.