‘ಅಪ್ಪನನ್ನು ನೋಡಿಕೊಳ್ಳೋಕೆ ಯಾವ ಏಜೆನ್ಸಿ ಒಳ್ಳೇದು?’

ಬೆಂಗಳೂರಿನಲ್ಲಿ ಮನೆಗಳಿಗೆ ಹೋಗಿ ಫಿಸಿಯೋಥೆರಪಿ ಮಾಡುವುದು ನನ್ನ ಕೆಲಸ. ಜಾಸ್ತಿ ವಯಸ್ಸಾದವರೇ. ಲಕ್ವ ಹೊಡೆದವರು, ಸೊಂಟದ ಮೂಳೆ ಮುರಿದು ಆಪರೇಷನ್ ಆದವರು, ಪಾರ್ಕಿನ್ಸನ್ಸ್ ಇರುವವರು. ಅವರ ಮಕ್ಕಳು ನನ್ನನ್ನು ಲಿಫ್ಟ್ ತನಕ ಬಿಡಲು ಬಂದಾಗ ಕೇಳುವುದು ಮೇಲಿನ ಪ್ರಶ್ನೆಯನ್ನೇ.

ನಾನು ಹೆಸರು ಹೇಳುವುದಿಲ್ಲ. ಒಂದೇ ಏಜೆನ್ಸಿಯಿಂದ ಒಂದು ಮನೆಗೆ ಚಿನ್ನದಂಥ ಹುಡುಗಿ ಬಂದಿರುತ್ತಾಳೆ, ಪಕ್ಕದ ರಸ್ತೆಯ ಮನೆಗೆ ಬಂದವರು ಫೋನಿನಿಂದ ತಲೆಯನ್ನೇ ಎತ್ತುವುದಿಲ್ಲ. ಹೆಸರು ತಗೊಂಡು ಏನು ಮಾಡ್ತೀರಿ? ಅದರ ಬದಲು ಕೆಲವು ಪ್ರಶ್ನೆ ಕೊಡುತ್ತೇನೆ, ಫೋನ್ ಮಾಡಿದಾಗ ಕೇಳಿ.

ಅದಕ್ಕೂ ಮೊದಲು ನಿಮಗೆ ಬೇಕಾಗಿರುವುದು ನರ್ಸಾ, ಅಟೆಂಡರಾ ಅಂತ ಡಾಕ್ಟರ ಹತ್ತಿರ ಕೇಳಿಕೊಳ್ಳಿ. ಇಂಜೆಕ್ಷನ್, ಗಂಟಲಿನ ಟ್ಯೂಬಿನಿಂದ ಕಫ ಎಳೆದು ತೆಗೆಯುವುದು (ಸಕ್ಷನ್), ಆಳವಾದ ಗಾಯದ ಡ್ರೆಸ್ಸಿಂಗ್ ಇದ್ದರೆ ನರ್ಸ್ ಬೇಕು. ಏಜೆನ್ಸಿಯವರು ಹೇಳುವ ಜಿಎನ್‌ಎಂ, ಎಎನ್‌ಎಂ ಎರಡೂ ನರ್ಸಿಂಗ್ ಕೋರ್ಸ್‌ಗಳು: ಜಿಎನ್‌ಎಂ ಅಂದರೆ ಮೂರು ವರ್ಷ ಓದಿದವರು, ಎಎನ್‌ಎಂ ಎರಡು ವರ್ಷ. ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಸ್ನಾನ, ಊಟ, ಡೈಪರ್, ನಡೆದಾಡಿಸುವುದು ಇಷ್ಟೇ ಆದರೆ ಪಳಗಿದ ಅಟೆಂಡರ್ ಸಾಕು. ಅದಕ್ಕೆ ನರ್ಸಿನ ದುಡ್ಡು ಸುಮ್ನೆ ದಂಡ.

ಎಲ್ಲಕ್ಕಿಂತ ಮುಖ್ಯವಾದದ್ದು ಬದಲಿಯ ಪ್ರಶ್ನೆ. ‘ಇವರು ಊರಿಗೆ ಹೋದರೆ ಯಾರು ಬರ್ತಾರೆ, ಎಷ್ಟು ಹೊತ್ತಿನಲ್ಲಿ?’ ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರಲ್ಲಿ ತುಂಬ ಜನ ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯವರು, ಇಲ್ಲವೇ ನಮ್ಮ ಉತ್ತರ ಕರ್ನಾಟಕದವರು. ಹಬ್ಬ, ಮದುವೆ, ಮನೆಯಲ್ಲಿ ಕಾಯಿಲೆ ಅವರಿಗೂ ಇರುತ್ತದೆ. ‘ಅದೆಲ್ಲ ನೋಡ್ಕೊಳ್ತೀವಿ ಸರ್’ ಅನ್ನುವುದು ಉತ್ತರವಲ್ಲ. ಬದಲಿ ಬರುವ ತನಕದ ದುಡ್ಡು ಹಿಡಿದುಕೊಳ್ಳಬಹುದಾ, ಅಡ್ವಾನ್ಸ್ ವಾಪಸ್ ಬರುತ್ತದಾ, ಎಲ್ಲವೂ ಬರಹದಲ್ಲಿರಲಿ. ಪೊಲೀಸ್ ವೆರಿಫಿಕೇಷನ್ ಆಗಿದೆ ಅಂದರೆ ಅದರ ಕಾಗದವನ್ನೇ ತೋರಿಸಲು ಹೇಳಿ.

ಮುಂದಿನದನ್ನು ಕೇಳಲು ಜನ ಸಂಕೋಚ ಪಡುತ್ತಾರೆ. ನೀವು ಕೊಡುವ ದುಡ್ಡಿನಲ್ಲಿ ಆ ಹುಡುಗಿಯ ಕೈಗೆ ಎಷ್ಟು ಹೋಗುತ್ತದೆ? ಕೇಳಿಯೇಬಿಡಿ. ಸಂಬಳ ಸರಿಯಾಗಿ ಸಿಗದವರು ತಿಂಗಳು ತುಂಬುವ ಮೊದಲೇ ಬೇರೆ ಮನೆ ಹುಡುಕುತ್ತಾರೆ, ಆಮೇಲೆ ನಿಮ್ಮ ತಂದೆ ಹೊಸ ಮುಖದ ಎದುರು ಮತ್ತೆ ಬಟ್ಟೆ ಬಿಚ್ಚಬೇಕು. ಅವರಿಗೆ ಅದೆಷ್ಟು ಕಷ್ಟ ಅಂತ ನನ್ನ ಹತ್ತಿರ ಹೇಳಿಕೊಳ್ಳುತ್ತಾರೆ, ನಿಮ್ಮ ಹತ್ತಿರ ಹೇಳುವುದಿಲ್ಲ.

‘ಇಪ್ಪತ್ತನಾಲ್ಕು ಗಂಟೆ ಕೇರ್’ ಅನ್ನುವುದರ ಬಗ್ಗೆಯೂ ಸ್ವಲ್ಪ ಯೋಚಿಸಿ. ಅದು ಒಬ್ಬರೇ ಮನುಷ್ಯರು. ಅವರೂ ಮಲಗಬೇಕು. ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಇಲ್ಲದಿದ್ದರೆ ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಏರ್ ಬೆಡ್ ಹಾಕಿಸಿದರೆ ಒಳ್ಳೆಯದೇ, ಆದರೆ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ಹಗಲಿಡೀ ದುಡಿದವರು ರಾತ್ರಿಯೂ ಅಷ್ಟೊಂದು ಸಲ ಎದ್ದರೆ ವಾರದಲ್ಲಿ ಸೋತುಹೋಗುತ್ತಾರೆ. ರಾತ್ರಿ ಕೆಲಸ ಜಾಸ್ತಿ ಇದ್ದರೆ ಹನ್ನೆರಡು ಗಂಟೆಯ ಎರಡು ಪಾಳಿ ಮಾಡಿ. ದುಬಾರಿ, ಹೌದು. ಆಗದಿದ್ದರೆ ರಾತ್ರಿಯ ಕೆಲವು ಸರದಿ ಮನೆಯವರು ಹೊರಬೇಕು. ಇನ್ನೊಂದು ಮಾತು, ನೋಡಿಕೊಳ್ಳಲು ಬಂದವರಿಗೆ ಬೇರೆ ತಟ್ಟೆ, ಬೇರೆ ಲೋಟ ಇಡುವ ಮನೆಗಳನ್ನು ಇನ್ನೂ ನೋಡುತ್ತೇನೆ. ಅಂಥ ಮನೆಯಲ್ಲಿ ಒಳ್ಳೆಯವರು ಯಾಕೆ ನಿಲ್ಲಬೇಕು?

ಭಾಷೆಯನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಮರೆವಿನ ಕಾಯಿಲೆ ಇರುವ ಎಷ್ಟೋ ಜನರಿಗೆ ಆಮೇಲೆ ಕಲಿತ ಭಾಷೆಗಳು ಮೊದಲು ಜಾರುತ್ತವೆ. ಜೀವನಪೂರ್ತಿ ಆಫೀಸಿನಲ್ಲಿ ಇಂಗ್ಲಿಷ್ ಆಡಿದ ಅಜ್ಜ ಈಗ ‘ಒಂದಕ್ಕೆ ಹೋಗ್ಬೇಕು’ ಅನ್ನುತ್ತಾರೆ. ಹಿಂದಿ ಮಾತ್ರ ಬರುವವರಿಗೆ ಅದು ಅರ್ಥವಾಗದೆ ಹಾಸಿಗೆ ಒದ್ದೆಯಾಗುತ್ತದೆ. ಕನ್ನಡ ಬರುವವರು ಸಿಗದಿದ್ದರೆ ನೀರು, ನೋವು, ಚಳಿ, ಸಾಕು ಇಂಥ ಮಾತುಗಳನ್ನಾದರೂ ಮೊದಲ ದಿನವೇ ಕಲಿಸಿ.

ಬಂದವರು ಹೇಗೆ ಅಂತ ತಿಳಿಯಲು ನಾನು ನೋಡುವುದು ಅವರ ಕೈಗಳನ್ನು. ಲಕ್ವ ಹೊಡೆದವರನ್ನು ಎಬ್ಬಿಸುವಾಗ ಬಿದ್ದುಹೋದ ಕೈ ಹಿಡಿದು ಎಳೆಯುತ್ತಾರಾ? ಹಾಗೆ ಎಳೆದರೆ ಭುಜದ ಕೀಲು ಸರಿಯಬಹುದು. ಮಲಗಿಸಿಕೊಂಡೇ ನೀರು ಕುಡಿಸುತ್ತಾರಾ? ಅದು ಶ್ವಾಸಕೋಶಕ್ಕೆ ಇಳಿಯಬಹುದು. ಇನ್ನೊಂದು, ತುಂಬ ಚುರುಕಾದವರ ಬಗ್ಗೆ ನನಗೆ ಸ್ವಲ್ಪ ಅನುಮಾನ. ತಾವೇ ತುತ್ತು ಎತ್ತಬಲ್ಲವರಿಗೆ ಬೇಗ ಮುಗಿಯಲಿ ಅಂತ ತಿನ್ನಿಸಿಬಿಡುತ್ತಾರೆ. ಕೆಲವೇ ವಾರಗಳಲ್ಲಿ ಆ ಕೈ ಕೆಲಸ ಮರೆಯುತ್ತದೆ. ಅನ್ನ ಚೆಲ್ಲಿದರೂ ಕಾಯುವವರು ನನಗೆ ಇಷ್ಟ.

ಅಮೆರಿಕದಲ್ಲಿರುವ ಮಕ್ಕಳು ಕ್ಯಾಮೆರಾ ಹಾಕಿಸುವ ಬಗ್ಗೆ ಕೇಳುತ್ತಾರೆ. ಹಾಕಿಸಿ, ಆದರೆ ಅಪ್ಪನಿಗೂ ಬಂದವರಿಗೂ ಹೇಳಿ ಹಾಕಿಸಿ. ಡೈಪರ್ ಬದಲಿಸುವ ಜಾಗಕ್ಕೆ ಬೇಡ. ಬೈಗುಳ, ಹೊಡೆತದ ಅನುಮಾನ ಬಂದರೆ ಹಿರಿಯರಿಗಾಗಿಯೇ ಇರುವ 14567 ಸಹಾಯವಾಣಿ ಇದೆ.

ಆಸ್ಪತ್ರೆಯಿಂದ ಮನೆಗೆ ಬರುವವರಾದರೆ ಡಿಸ್ಚಾರ್ಜ್ ದಿನದ ತನಕ ಕಾಯಬೇಡಿ. ಒಂದು ದಿನ ಮೊದಲೇ ಅಟೆಂಡರನ್ನು ವಾರ್ಡಿಗೆ ಕರೆಸಿ. ಮಗ್ಗುಲು ಬದಲಿಸುವುದು, ಎಬ್ಬಿಸಿ ಕೂರಿಸುವುದು ಎಲ್ಲವನ್ನೂ ಅಲ್ಲಿನ ಸಿಸ್ಟರ್ ಎದುರಿಗೇ ಒಮ್ಮೆ ಮಾಡಿಸಿ. ಒಗ್ಗದಿದ್ದರೆ ಬೇರೆಯವರನ್ನು ಕೇಳಲು ಇನ್ನೂ ಒಂದು ರಾತ್ರಿ ಇರುತ್ತದೆ.